ಓದಿ ಹೇಳಿ ಸಹಿ ಹಾಕಿಸಿದ ಮೇಡಂ

ಮೇಡಂ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾರ ಬಗ್ಗೆ ಏನೇ ಬರೆದರೂ ಅದನ್ನು ಅವರಿಗೆ ಓದಿ ಹೇಳಬೇಕು, ಅವರು ಹೂಂ ಅಂದ ಮೇಲೆಯೇ ಅದು ಬರಹ ಎಂದು ನನಗೆ ಕಲಿಸಿದವರೇ ಅವರು. ಈಗ ಓದಿ ಹೇಳೋಣವೆಂದರೆ ಅವರಿಲ್ಲ. ಕಳೆದ ಚಳಿಗಾಲದಲ್ಲಿ, ಸೊರಬದ ತಂಗಿಯ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲವಂತೆ. ಸುದ್ದಿ ಬಂದಾಗ ನಾನು ಶಿಕಾರಿಪುರದ ಕೋರ್ಟಿನ ಆವರಣದಲ್ಲಿ ಕಕ್ಷಿದಾರರೊಬ್ಬರ ಜೊತೆ ಮಾತಾಡುತ್ತಿದ್ದೆ. ಕರಿ ಕೋಟು ಹಾಕಿಕೊಂಡು ನಿಂತಲ್ಲೇ ಅತ್ತೆ. ಕಕ್ಷಿದಾರರು ಗಾಬರಿಯಾಗಿ ತಮ್ಮ ಕೇಸು ಬಿದ್ದೇಹೋಯಿತು ಎಂದುಕೊಂಡರು.

ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಅವರ ನೆಂಟರಲ್ಲ, ಅವರ ಕೈಕೆಳಗೆ ಒಂದಲ್ಲ ಒಂದು ಬೇಸಿಗೆ ಕಳೆದ ನಮ್ಮಂಥವರು. ವಕೀಲರಿದ್ದರು, ಪತ್ರಿಕೆಯವರಿದ್ದರು, ಕಾಲೇಜಿನಲ್ಲಿ ಪಾಠ ಮಾಡುವವರಿದ್ದರು, ಪರೀಕ್ಷೆ ಬರೆದು ದೊಡ್ಡ ಅಧಿಕಾರಿಯಾದವಳೂ ಒಬ್ಬಳು ಇದ್ದಳು. ಅವರ ತಂಗಿ ನಮ್ಮನ್ನೆಲ್ಲ ನೋಡಿ, ಅಕ್ಕ ಮದುವೆ ಆಗ್ಲಿಲ್ಲ ಅಂತ ಊರವರು ಮರುಗ್ತಿದ್ರು, ಈಗ ನೋಡಿದ್ರೆ ನಮ್ಮೆಲ್ಲರಿಗಿಂತ ಜಾಸ್ತಿ ಮಕ್ಕಳು ಇವಳಿಗೇ ಅದಾವೆ ಎಂದರು. ನಾವು ಅಳುವುದನ್ನು ಬಿಟ್ಟು ನಕ್ಕೆವು.

ಅವರು ವಕೀಲರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಮ್ಮ ಮೊದಲ ತಕರಾರು ಅದೇ ಆಗಿತ್ತು. ಮೂವತ್ತು ವರ್ಷ ಬೇರೆ ಬೇರೆ ಜಿಲ್ಲೆಗಳ ಕೋರ್ಟುಗಳಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಶಿವಮೊಗ್ಗದ ಕೆಲವು ವಕೀಲರು ಸೇರಿ ಒಂದು ಸಣ್ಣ ಸಂಸ್ಥೆ ಕಟ್ಟಿ, ಪದವಿ ಓದುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಆರು ವಾರದ ಮಾನವ ಹಕ್ಕುಗಳ ಇಂಟರ್ನ್‌ಶಿಪ್ ಶುರುಮಾಡಿದ್ದರು. ಕಚೇರಿ ಶಿಕಾರಿಪುರದಲ್ಲಿ, ಎಪಿಎಂಸಿ ಕಡೆಗೆ ಹೋಗುವ ರಸ್ತೆಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಎರಡು ಕೋಣೆ. ಕಿಟಕಿ ತೆರೆದರೆ ಮೆಕ್ಕೆಜೋಳದ ಧೂಳು, ಮುಚ್ಚಿದರೆ ಬೆವರು. ವಕೀಲರು ವಾರಕ್ಕೊಮ್ಮೆ ಬಂದು ಸಂವಿಧಾನದ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಉಳಿದ ಆರು ದಿನ ನಮ್ಮ ಮೇಲೆ ರಾಜ್ಯಭಾರ ಮಾಡುತ್ತಿದ್ದವರು ಮೇಡಂ.

ನಾನು ಸೇರಿದ ವರ್ಷ ನಾವು ಆರು ಜನ. ಬೆಂಗಳೂರಿನ ಹುಡುಗಿಯೊಬ್ಬಳು ಗಾಲಿಯ ಸೂಟ್‌ಕೇಸು ಎಳೆದುಕೊಂಡು ಬಂದಿದ್ದಳು. ದಾವಣಗೆರೆಯ ಹುಡುಗನೊಬ್ಬ ಮಾನವ ಹಕ್ಕು ಆಯೋಗದ ಮುಂದೆ ವಾದ ಮಾಡುವುದಕ್ಕೆಂದು ಹೊಸ ಬಿಳಿ ಅಂಗಿ ಹೊಲಿಸಿಕೊಂಡಿದ್ದ. ನಾನು ಇದೇ ತಾಲ್ಲೂಕಿನವಳು, ನಮ್ಮೂರು ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಗದ್ದೆ, ಟ್ರ್ಯಾಕ್ಟರು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಮನೆತನ. ಕಾನೂನು ಓದುತ್ತಿದ್ದ ಎರಡನೇ ವರ್ಷ. ತರಗತಿಯಲ್ಲಿ ಚರ್ಚಾಸ್ಪರ್ಧೆ ಎಂದರೆ ಬಹುಮಾನ ನನಗೇ. ಹಾಗಾಗಿ, ಹಳೆಯ ಟೈಪಿಸ್ಟ್ ಒಬ್ಬರು ನನಗೆ ಹಕ್ಕುಗಳ ಬಗ್ಗೆ ಏನು ಹೇಳಿಕೊಡುತ್ತಾರೆ ಎಂಬ ಜಂಭ ನನ್ನ ಮುಖದ ಮೇಲೆಯೇ ಇದ್ದಿರಬೇಕು. ಮೊದಲ ದಿನವೇ ಅವರು ನನ್ನ ಕೈಬರಹ ನೋಡಿ ಅಕ್ಷರ ಚೆಂದ ಇದೆ ಎಂದರು, ಮತ್ತೇನೂ ಅನ್ನಲಿಲ್ಲ.

ಕುಳ್ಳಗೆ, ದಪ್ಪ ಕನ್ನಡಕ, ಕೈಮಗ್ಗದ ಸೀರೆ, ಬಾಯಲ್ಲಿ ಸದಾ ಒಂದು ಏಲಕ್ಕಿ. ಯಾರಾದರೂ ಮಾತಾಡುವಾಗ ಅವರ ಎರಡೂ ಕೈ ತೊಡೆಯ ಮೇಲಿರುತ್ತಿದ್ದವು, ಹತ್ತೂ ಬೆರಳು ಸಣ್ಣಗೆ ಕುಣಿಯುತ್ತಿದ್ದವು. ಮೊದಲು ನಾವು ಅದನ್ನು ನಡುಕದ ಕಾಯಿಲೆ ಎಂದುಕೊಂಡಿದ್ದೆವು. ಆಮೇಲೆ ತಿಳಿಯಿತು, ಎದುರಿನವರು ಆಡಿದ್ದನ್ನೆಲ್ಲ ಅವರು ಸೀರೆಯ ಮೇಲೆ ಟೈಪ್ ಮಾಡುತ್ತಿದ್ದರು. ಹಾಗೆ ಒಮ್ಮೆ ಬೆರಳಿಗೆ ಬಂದ ಮಾತನ್ನು ಸಂಜೆ ಕೇಳಿದರೂ ಒಂದಕ್ಷರ ಬಿಡದೆ ಹೇಳುತ್ತಿದ್ದರು. ನಮ್ಮ ಸುಳ್ಳುಗಳನ್ನೂ ಹಾಗೆಯೇ ಹೇಳುತ್ತಿದ್ದರು, ಅದೊಂದು ಕಷ್ಟ.

ಅರ್ಜಿ ಕೊಡಲು ಬಂದವರನ್ನು ಅವರು ಮೇಜಿನ ಆಚೆ ಕೂರಿಸುತ್ತಿರಲಿಲ್ಲ. ತಾವೇ ಎದ್ದು ಹೋಗಿ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂರುತ್ತಿದ್ದರು. ಹೆಸರಿಗಿಂತ ಮೊದಲು ಯಾವ ಬಸ್ಸಿಗೆ ಬಂದಿರಿ, ವಾಪಸ್ಸು ಯಾವ ಬಸ್ಸು ಎಂದು ಕೇಳುತ್ತಿದ್ದರು. ಬಸ್ಸಿನ ಹೊತ್ತು ಗೊತ್ತಿಲ್ಲದಿದ್ದರೆ ಅವರು ಅರ್ಧ ಮಾತು ನುಂಗಿಕೊಂಡು ಓಡಿಹೋಗುತ್ತಾರೆ ಎನ್ನುವುದು ಮೇಡಂ ಲೆಕ್ಕಾಚಾರ. ನಮ್ಮ ಬರವಣಿಗೆ ತಿದ್ದುವಾಗ ಮಾತ್ರ ಅವರಿಗೆ ದಯೆ ಇರಲಿಲ್ಲ. ಶೋಷಿತ, ಅಸಹಾಯಕ, ಮುಗ್ಧ, ಈ ಪದಗಳು ಕಂಡರೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದರು: ಇದು ಯಾರ ಬಾಯಿಂದ ಬಂತು?

ಮೊದಲ ಭಾನುವಾರ ನಮ್ಮನ್ನು ಬಂದಳಿಕೆಗೆ ಕರೆದುಕೊಂಡು ಹೋದರು. ದೇವಸ್ಥಾನ ತೋರಿಸುತ್ತಾರೆ ಎಂದುಕೊಂಡಿದ್ದೆವು. ಶಾಸನದ ಕಲ್ಲಿನ ಮುಂದೆ ಒಂದು ನಿಮಿಷ ನಿಲ್ಲಿಸಿ, ಇದರಲ್ಲಿ ದಾನ ಕೊಟ್ಟವರ ಹೆಸರಿದೆ, ಆ ಭೂಮಿ ಉತ್ತವರ ಹೆಸರು ಹುಡುಕಿ ನೋಡೋಣ ಎಂದರು. ಹಳಗನ್ನಡ ಓದಲು ಬಾರದ ನಾವು ಕಲ್ಲಿನ ಸುತ್ತ ತಿರುಗಿದೆವು. ಅಷ್ಟರಲ್ಲಿ ಅವರು ಆಚೆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರೊಬ್ಬರನ್ನು ಮಾತಾಡಿಸಿ ಕರೆತಂದಿದ್ದರು. ನಮಗೆ ಕೊಟ್ಟ ಅಭ್ಯಾಸ ಇಷ್ಟೇ: ಅವರ ಒಂದು ದಿನದ ಬಗ್ಗೆ ಹತ್ತು ನಿಮಿಷ ಕೇಳಿ, ಬರೆದುಕೊಂಡು, ಅವರಿಗೇ ಓದಿ ಹೇಳುವುದು. ಬೆಂಗಳೂರಿನ ಹುಡುಗಿ ಚೆಂದವಾಗಿ ಬರೆದು ಓದತೊಡಗಿದಳು. ಮೊದಲ ವಾಕ್ಯದಲ್ಲಿಯೇ ಬಡ ಕುರಿಗಾಹಿ ಎಂದು ಬಂತು. ಆತ ಕೋಲು ಊರಿ ನಿಂತುಕೊಂಡರು.

"ಬಡವ ಅಂತ ಯಾರ್ ಹೇಳಿದ್ರಿ ನಿಮಗ? ನೂರಾ ಇಪ್ಪತ್ತು ಕುರಿ ಅದಾವ ನಂದು. ನಿಮ್ಮಪ್ಪಂದು ಎಷ್ಟದಾವ?"

ಅವಳು ಕಾಗದ ಮಡಚಿಕೊಂಡಳು. ಮೇಡಂ ಮುಖದಲ್ಲಿ ಸ್ವಲ್ಪವೂ ನಗು ಇರಲಿಲ್ಲ, ಆದರೆ ಬಾಯಲ್ಲಿದ್ದ ಏಲಕ್ಕಿ ನೆತ್ತಿಗೇರಿ ಕೆಮ್ಮಿದರು. ವಾಪಸ್ಸು ಬರುವಾಗ ಬಸ್ಸಿನ ತುಂಬ ಅದೇ ಮಾತು, ನಿಮ್ಮಪ್ಪಂದು ಎಷ್ಟು ಕುರಿ ಎಂದು ಅವಳನ್ನು ಆರು ವಾರವೂ ಕಾಡಿದೆವು. ಆ ಹುಡುಗಿ ಈಗ ದೆಹಲಿಯಲ್ಲಿ ಕೈದಿಗಳ ಕೇಸುಗಳನ್ನು ನಡೆಸುತ್ತಾಳೆ. ಈಗಲೂ ಬಡ ಎಂದು ಬರೆಯುವ ಮೊದಲು ಕೈ ನಿಲ್ಲುತ್ತದೆ ಎಂದು ಮೇಡಂ ಮಣ್ಣಿನ ದಿನ ಫೋನಿನಲ್ಲಿ ಹೇಳಿದಳು.

ಓದಿ ಹೇಳುವ ಈ ಹಟ ಅವರಿಗೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆವು. ಮಧ್ಯಾಹ್ನದ ಊಟದ ಹೊತ್ತು, ಕರೆಂಟು ಹೋಗಿತ್ತು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ತಮ್ಮ ಮಾತಿನಲ್ಲಿ ಹೇಳುತ್ತಾರೆ, ಅದನ್ನು ಚೊಕ್ಕ ಮಾಡಿ ಮೇಲೆ ಕೂತ ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ಟೈಪಿಸ್ಟ್ ಅದನ್ನು ಬಡಿಯಬೇಕು ಎಂದರು. ಯಾವ ಊರಿನ ಕೋರ್ಟು, ಯಾವ ಕೇಸು ಎಂದು ಅವರು ಹೇಳಲಿಲ್ಲ. ಒಬ್ಬ ಹೆಂಗಸನ್ನು ಅವತ್ತು ಏನಾಯಿತು ಎಂದು ಕೇಳಿದ್ದರಂತೆ.

"ಅದನ್ನ ನೆನೆಸ್ಕಂಡ್ರೆ ನಂಗೆ ಇವತ್ತಿಗೂ ಅನ್ನ ಸೇರೂದಿಲ್ಲ ಅಂದ್ಲು ಅವಳು. ನಾನು ಟೈಪ್ ಮಾಡಿದ್ದು ಎಂತ ಗೊತ್ತುಂಟಾ? ಸದರಿ ವಿಷಯ ನನಗೆ ಜ್ಞಾಪಕವಿಲ್ಲ, ಅಂತ. ಬಡಿದಿದ್ದು ಇದೇ ಬೆರಳು."

ಇಷ್ಟು ಹೇಳಿ ಡಬ್ಬಿಯಲ್ಲಿದ್ದ ಮೊಸರನ್ನ ಮುಗಿಸಿದರು. ನಮಗೆ ತುತ್ತು ಇಳಿಯಲಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಾನು ಆ ತಪ್ಪು ಮಾಡಿದೆ. ಅದರ ಕಥೆಯೇ ಮೇಡಂ ಕಥೆ ಕೂಡ ಆಗಿರುವುದರಿಂದ ಬಿಡುವಂತಿಲ್ಲ.

ಅಂಬ್ಲಿಗೊಳದ ನಾಲೆ ನೀರು ಹರಿಯುವ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿನ ಶಾಲೆಯ ಬಿಸಿಯೂಟಕ್ಕೆ ಅಡುಗೆಯವರಾಗಿ ಹಾಲಮ್ಮ ಎಂಬುವರು ನೇಮಕವಾಗಿದ್ದರು. ಹೆಸರು ಹಾಕಲೇ ಎಂದು ಕೇಳಿಯೇ ಹಾಕಿದ್ದೇನೆ. ಅವರ ಮನೆ ಊರ ಹೊರಗಿನ ಕೇರಿಯಲ್ಲಿ. ಅವರು ಒಲೆಯ ಮುಂದೆ ನಿಂತ ವಾರದೊಳಗೆ ಊರಿನ ಕೆಲವರು ಶಾಲಾ ಸಮಿತಿಯ ಅಧ್ಯಕ್ಷರ ಹತ್ತಿರ ಹೋದರು. ಆಮೇಲೆ ಹಾಲಮ್ಮ ಅಡುಗೆ ಮಾಡುವಂತಿಲ್ಲ, ಪಾತ್ರೆ ತೊಳೆದು ಅಂಗಳ ಗುಡಿಸಬೇಕು ಎಂದಾಯಿತು. ಅದೇಕೆ ಎಂದು ಅವರು ಕೇಳಿದಾಗ, ಬೇಸಿಗೆ ರಜೆ ಮುಗಿದ ಮೇಲೆ ಬರುವುದೇ ಬೇಡ ಎಂದರು. ಶಾಲೆ ತೆರೆಯುವುದು ಮೇ ತಿಂಗಳ ಕೊನೆಗೆ. ಅಷ್ಟರೊಳಗೆ ಆದೇಶವಾಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ, ಹಾಲಮ್ಮನವರಿಗೆ ಆ ಅಡುಗೆಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಈ ದೂರನ್ನು ಮೇಡಂ ನನಗೆ ವಹಿಸಿದರು. ಈ ಕಡೆಯ ಮಾತು ಬಲ್ಲವಳು ನಾನೊಬ್ಬಳೇ ಎನ್ನುವುದು ಅವರು ಕೊಟ್ಟ ಕಾರಣ.

ನಾನು ಹಾಲಮ್ಮನವರ ಮನೆಗೆ ಹೋಗಿ ಬಂದೆ. ಒಂದೂವರೆ ಗಂಟೆ ಕೇಳಿಸಿಕೊಂಡು, ಅಲ್ಲೇ ಜಗಲಿಯ ಮೇಲೆ ಕೂತು ಎರಡು ಪುಟ ಬರೆದೆ. ಘನತೆಯಿಂದ ಬದುಕುವ ಮೂಲಭೂತ ಹಕ್ಕು, ಮಾನಸಿಕ ಹಿಂಸೆ, ಸಾಮಾಜಿಕ ಬಹಿಷ್ಕಾರದ ಸ್ವರೂಪದ ವರ್ತನೆ, ಎಲ್ಲವೂ ಇದ್ದವು. ಕೊನೆಯಲ್ಲಿ ಎಲ್ಲ ಹೇಳಿಕೆಗಳಲ್ಲಿ ಇರುವಂತೆ, ಓದಿ ಹೇಳಲಾಗಿ ಕೇಳಿ ಸರಿಯಿದೆಯೆಂದು ಒಪ್ಪಿ ಸಹಿ ಮಾಡಿರುತ್ತೇನೆ ಎಂದು ಬರೆದು, ಹಾಲಮ್ಮನವರ ಸಹಿ ಹಾಕಿಸಿಕೊಂಡು ಬಂದೆ. ಆ ಸಾಲೊಂದು ಸುಳ್ಳು. ನಾನು ಓದಿ ಹೇಳಿರಲಿಲ್ಲ. ಮೇಡಂ ಕಾಗದ ನೋಡಿ, ಓದಿ ಹೇಳಿದ್ಯಾ ಎಂದು ಕೇಳಿದರು, ಹೂಂ ಎಂದೆ. ಅವತ್ತು ಕೆಂಪು ಪೆನ್ಸಿಲು ಎತ್ತಲಿಲ್ಲ ಅವರು. ಸಮಯವಿರಲಿಲ್ಲ, ಮರುದಿನವೇ ಅರ್ಜಿ ಕೊಡಬೇಕಿತ್ತು.

ವಿಚಾರಣೆ ತಾಲ್ಲೂಕಿನ ಒಂದು ಕಚೇರಿಯಲ್ಲಿ. ಅಧಿಕಾರಿ ಕೆಟ್ಟವರಲ್ಲ, ಅವಸರದವರು. ಒಂದು ಕಡೆ ಸಮಿತಿ ಅಧ್ಯಕ್ಷರು, ಅವರ ಜೊತೆ ಊರಿನ ಐದಾರು ಜನ. ಇನ್ನೊಂದು ಕಡೆ ಹಾಲಮ್ಮ, ನಾನು, ಮೇಡಂ. ಅಧಿಕಾರಿ ನನ್ನ ಎರಡು ಪುಟ ಹಿಡಿದುಕೊಂಡು, ನಿಮ್ಮ ಘನತೆಗೆ ಧಕ್ಕೆ ಆಗಿದೆ ಅಂತ ಹೇಳಿದ್ದೀರಿ, ಹೌದೇನಮ್ಮ ಎಂದು ಕೇಳಿದರು.

"ನಾ ಹಂಗ ಅಂದಿಲ್ರಿ," ಎಂದರು ಹಾಲಮ್ಮ.

ಮಾನಸಿಕ ಹಿಂಸೆ ಎಂದು ಕೇಳಿದರು. ಅದನ್ನೂ ಅಂದಿಲ್ಲ ಎಂದರು. ಬಹಿಷ್ಕಾರ ಎಂದು ಕೇಳಿದರು. ಹಾಲಮ್ಮ ನನ್ನ ಮುಖ ನೋಡಿದರು. ಹಾಗೆಂದರೆ ಏನೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯದ್ದಕ್ಕೆ ಹೌದು ಎನ್ನುವ ಹೆಂಗಸೂ ಅವರಲ್ಲ. ಅಧ್ಯಕ್ಷರು ಗಟ್ಟಿಯಾಗಿ, ಇದೆಲ್ಲ ಯಾರೋ ಪಟ್ಟಣದವರು ಹೇಳಿಕೊಟ್ಟು ಬರೆಸಿದ್ದು ಸ್ವಾಮಿ, ಆಕೆಗೇ ಗೊತ್ತಿಲ್ಲ ಎಂದರು. ಅವರ ಕಡೆಯವರು ನಕ್ಕರು. ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು.  ಹಾಲಮ್ಮನವರ ಕೆಲಸ ನನ್ನ ಚೆಂದದ ಅಕ್ಷರದಿಂದಲೇ ಹೋಗುತ್ತಿದೆ ಎಂದು ನನಗೆ ಆಗ ಹೊಳೆಯಿತು.

ಮೇಡಂ ಎದ್ದು ನಿಂತರು. ದನಿ ಏರಿಸಲಿಲ್ಲ.

"ತಪ್ಪು ನಮ್ಮದು ಸರ್. ಅವರು ಹೇಳಿದ್ದು ಸುಳ್ಳಲ್ಲ, ನಾವು ಬರ್ದಿದ್ದು ಅವರ ಮಾತಲ್ಲ. ಓದಿ ಹೇಳಿದೀವಿ ಅಂತ ಬರ್ದೀವಿ, ಓದಿ ಹೇಳಿಲ್ಲ. ನಮ್ಮ ತಪ್ಪಿಗೆ ಅವರ ಕೆಲಸ ಹೋಗ್ಬಾರ್ದು. ಶಾಲೆ ತೆಗೆಯೂದ್ರೊಳಗೆ ಇನ್ನೊಂದು ದಿನ ಕೊಡಿ."

ಅಷ್ಟು ಜನರೆದುರು, ಅಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ಆ ಅಧಿಕಾರಿ ಬಹುಶಃ ಮೊದಲ ಸಲ ಕಂಡಿರಬೇಕು. ಶುಕ್ರವಾರ ಬನ್ನಿ ಎಂದರು. ಶಾಲೆ ತೆರೆಯುವುದು ಸೋಮವಾರ.

ಹಾಲಮ್ಮನವರನ್ನು ಅವರ ಬಸ್ಸಿಗೆ ಹತ್ತಿಸಿ ನಾವಿಬ್ಬರು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆವು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಎಂತಕ್ಕೆ ಓದಿ ಹೇಳ್ಲಿಲ್ಲ?" ಎಂದರು.

ಬಸ್ಸಿಗೆ ಹೊತ್ತಾಗಿತ್ತು ಎಂದೆ. ಅವರ ಬೆರಳುಗಳು ತೊಡೆಯ ಮೇಲೆ ಆಡಿದವು, ಆಮೇಲೆ ಸುಮ್ಮನಾದವು. ನಾನು ಹೇಳಿದ್ದನ್ನು ಅವರು ಟೈಪ್ ಮಾಡಿಕೊಂಡು, ಮುಂದಿನ ಸಾಲಿಗೆ ಕಾಯುತ್ತಿದ್ದರು. ಆ ಸಾಲು ಹೇಳದೆ ಏಳುವಂತಿರಲಿಲ್ಲ. ಹೇಳಿದೆ. ನಾನು ಬರೆದು ಮುಗಿಸುವ ಹೊತ್ತಿಗೆ ಹಾಲಮ್ಮ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದರು. ಓದಿ ಹೇಳುತ್ತ ಕೂತರೆ ಚಹಾ ಬರುತ್ತಿತ್ತು. ಬಂದರೆ ಕುಡಿಯಬೇಕಿತ್ತು. ಬಸ್ಸು ಬರುತ್ತದೆ ಎಂದು ಸಹಿ ಹಾಕಿಸಿಕೊಂಡು ಎದ್ದುಬಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಊರ ಮುಂದಿನ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕಾದೆ.

ಮೇಡಂ, ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆ ಎಂದು ಹೆದರಿದೆಯಾ ಎಂದು ಕೇಳಿದರು. ಹೌದು ಎಂದುಬಿಟ್ಟಿದ್ದರೆ ಅಪ್ಪ, ಅಜ್ಜಿ ಎಲ್ಲರ ತಲೆಗೆ ಕಟ್ಟಿ ನಾನು ಪಾರಾಗುತ್ತಿದ್ದೆ.

"ಮನೆಯವರು ಯಾರೂ ಅಲ್ಲಿರಲಿಲ್ಲ ಮೇಡಂ," ಎಂದೆ. "ನಾನೇ."

ಹೂಂ ಎಂದರು. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ. ಆ ಹೆಂಗಸಿನ ಕೈಯ ಅನ್ನ ಉಣ್ಣದವರ ಮೇಲೆ ಎರಡು ಪುಟ ಬರೆದವಳು ನಾನು, ಅದೂ ಅವರ ಮನೆಯ ಜಗಲಿಯ ಮೇಲೆ ಕೂತು. ಮೇಡಂ ನನ್ನ ಹೆಗಲ ಮೇಲೆ ಕೈಯಿಡಲಿಲ್ಲ, ಸಮಾಧಾನ ಮಾಡಲಿಲ್ಲ. ನಾಳೆ ಬೆಳಗ್ಗೆ ಮೊದಲನೇ ಬಸ್ಸಿಗೆ ಹೋಗೋಣ, ಹೊಸ ಕಾಗದ ತಗೋ ಎಂದಷ್ಟೇ ಹೇಳಿದರು. ಈ ಹುಡುಗಿ ಬೇಡ, ಬೇರೆಯವರು ಹೋಗಲಿ ಎಂದು ಅವರಿಗೆ ಅನ್ನಿಸಲೇ ಇಲ್ಲವಲ್ಲ ಎನ್ನುವುದು ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ.

ಮರುದಿನ ಹಾಲಮ್ಮ ಬಾಗಿಲಲ್ಲಿ ನಮ್ಮನ್ನು ಕಂಡು, ಏನೂ ನಡೆದೇ ಇಲ್ಲವೆಂಬಂತೆ, ಬರ್ರಿ ಎಂದರು. ಮೇಡಂ ಅವರನ್ನು ಹಾಲಮ್ಮಾರೇ ಎಂದು ಕರೆದರು. ನಮ್ಮ ಕಡೆ ಆ ಕೇರಿಯ ಹೆಂಗಸರನ್ನು ನಮ್ಮ ಮನೆಯ ಪುಟ್ಟ ಮಕ್ಕಳೂ ಹೋಗೇ ಬಾರೇ ಎನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿದ್ದು. ಒಲೆಯ ಪಕ್ಕದಲ್ಲೇ ಚಾಪೆ ಹಾಸಿಸಿಕೊಂಡು ಮೇಡಂ ಕೂತರು. ಚಹಾ ಬಂತು. ಕುಡಿದೆ. ಅದರಲ್ಲಿ ಸಕ್ಕರೆ ಜಾಸ್ತಿಯಾಗಿತ್ತು, ಬೇರೇನೂ ಆಗಲಿಲ್ಲ.

ಅವತ್ತು ಬರೆದದ್ದು ಅರ್ಧ ಪುಟಕ್ಕೂ ಕಡಿಮೆ. ಹಾಲಮ್ಮ ಒಂದು ಮಾತು ಹೇಳುವುದು, ನಾನು ಬರೆಯುವುದು, ಓದುವುದು, ಅವರು ಹೂಂ ಎನ್ನುವುದು. ಒಂದು ಕಡೆ ನಾನು ಪಾತ್ರೆ ಎಂದು ಬರೆದಿದ್ದೆ, ಪಾತ್ರೆ ಅಲ್ಲ ಹಂಡೆ ಎಂದು ತಿದ್ದಿಸಿದರು. ಆ ಅರ್ಧ ಪುಟ ನನಗೆ ಬಾಯಿಪಾಠ ಬರುತ್ತದೆ:

"ಸೌಟು ಮುಟ್ಟಬ್ಯಾಡ ಅಂದ್ರು. ಹಂಡೆ ತಿಕ್ಕು ಅಂದ್ರು. ನಾ ತಿಕ್ಕಿದ ಹಂಡ್ಯಾಗ ಅನ್ನ ಮಾಡಿದ್ರ ಉಣ್ತಾರ, ಆ ಅನ್ನ ನಾ ಮಾಡಿದ್ರ ಉಣ್ಣಂಗಿಲ್ಲ. ಇದ್ಹೆಂಗ್ರಿ ಅಂತ ಕೇಳ್ದೆ. ಕೇಳಿದ್ದಕ್ಕ ಬರಬ್ಯಾಡ ಅಂದ್ರು. ನಾ ಅಡುಗಿಗೆ ಅಂತ ಬಂದಾಕಿ. ನಂಗ ಅಡುಗಿ ಕೆಲಸ ಬೇಕು."

ಶುಕ್ರವಾರ ಅಧಿಕಾರಿ ಇದನ್ನು ಓದಿದರು. ಪ್ರತಿ ಸಾಲಿಗೂ ಹಾಲಮ್ಮ ತಲೆಯೆತ್ತಿ, ಹೌದ್ರಿ, ಅಂದೀನಿ ಎಂದರು. ಯಾರೂ ನಗಲಿಲ್ಲ. ನನ್ನ ಎರಡು ಪುಟದಲ್ಲಿ ಇಲ್ಲದ ಬಲ ಆ ಅರ್ಧ ಪುಟದಲ್ಲಿ ಇತ್ತು. ಆಮೇಲೆ ಅಧ್ಯಕ್ಷರ ಸರದಿ. ಅವರು ಸ್ವಲ್ಪ ಬಿಸಿಯಾಗಿಯೇ, ಆಕೆಯ ಕೈಯ ಅನ್ನ ನಮ್ಮ ಹುಡುಗರು ಉಣ್ಣುವುದಿಲ್ಲ, ಇದು ಮೊದಲಿನಿಂದ ನಡೆದುಬಂದ ಪದ್ಧತಿ, ನಾನೊಬ್ಬನೇ ಮುರಿಯಲು ಬರುತ್ತದೆಯೇ ಎಂದರು. ಅಧಿಕಾರಿ ಗುಮಾಸ್ತರಿಗೆ ಹೇಳಿ ಬರೆಸಿದ್ದು ಹೀಗೆ: ಸ್ವಚ್ಛತೆಯ ದೃಷ್ಟಿಯಿಂದ ಪೋಷಕರು ಆಕ್ಷೇಪ ವ್ಯಕ್ತಪಡಿಸಿರುತ್ತಾರೆ.

ಮೇಡಂ ಬೆರಳುಗಳು ನಿಂತವು. ಎದ್ದರು. ಅಧ್ಯಕ್ಷರ ಹೇಳಿಕೆಯನ್ನೂ ಅವರಿಗೆ ಓದಿ ಹೇಳಬೇಕಲ್ಲವೇ ಸರ್ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಸ್ವಚ್ಛತೆ ಎನ್ನುವ ಮಾತು ಅವರು ಆಡಲೇ ಇಲ್ಲ, ಆಡಿದ್ದು ಇಷ್ಟು ಎಂದು, ಅಧ್ಯಕ್ಷರು ಅಂದದ್ದನ್ನು ಅವರದೇ ಮಾತಿನಲ್ಲಿ, ಅವರು ಉಸಿರು ತಗೊಂಡ ಕಡೆಯೂ ತಪ್ಪದಂತೆ ಹೇಳಿದರು. ಅಧಿಕಾರಿ ಒಂದು ಗಳಿಗೆ ಗುಮಾಸ್ತರ ಕಾಗದ ನೋಡಿದರು. ಅವರಿಗೂ ಕಸಿವಿಸಿಯಾಗಿರಬೇಕು. ಬರೆದದ್ದನ್ನು ಹೊಡೆದುಹಾಕಿಸಿ, ಅವರಂದ ಹಾಗೇ ಬರ್ಕೊಳ್ಳಿ ಎಂದರು. ಬರೆದ ಮೇಲೆ ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು. ಸಹಿ ಮಾಡಿ ಎಂದು ಕಾಗದ ಅಧ್ಯಕ್ಷರ ಮುಂದೆ ಸರಿಸಿದರು.

"ಹಂಗಂತ ಕಾಗದದಾಗ ಬರೀಬ್ಯಾಡ್ರಿ," ಎಂದರು ಅಧ್ಯಕ್ಷರು.

"ಅಂದಿದ್ದು ನೀವೇ ಅಲ್ರಿ?" ಎಂದರು ಅಧಿಕಾರಿ.

ಅಧ್ಯಕ್ಷರು ಪೆನ್ನು ಮುಟ್ಟಲಿಲ್ಲ. ಊರಿನಲ್ಲಿ ಹತ್ತು ಜನರೆದುರು ಧೈರ್ಯವಾಗಿ ಆಡುವ ಮಾತಿಗೆ ಕೆಳಗೆ ತಮ್ಮ ಹೆಸರು ಹಾಕಲು ಅವರಿಗೆ ಆಗಲಿಲ್ಲ. ಅವರ ಕಡೆಯವರೂ ಕಿಟಕಿ, ಗೋಡೆ, ಫ್ಯಾನು ನೋಡಿದರು. ಕೊನೆಗೆ ಅವರೇ, ಆಗಲಿ, ಸೋಮವಾರದಿಂದ ಆಕೆ ಅಡುಗೆಗೆ ಬರಲಿ, ಈ ಕಾಗದ ಬೇಡ ಎಂದರು. ಕಾಗದ ಬೇಡ ಎನ್ನುವುದನ್ನು ಮೇಡಂ ಒಪ್ಪಲಿಲ್ಲ. ಹಾಲಮ್ಮ ಅಡುಗೆಯವರಾಗಿ, ಅಡುಗೆ ಕೆಲಸಕ್ಕೇ ಬರುತ್ತಾರೆ ಎಂದು ಆದೇಶ ಬರೆಸಿ, ಹಾಲಮ್ಮನವರಿಗೂ ಅಧ್ಯಕ್ಷರಿಗೂ ಓದಿಸಿ, ಇಬ್ಬರ ಸಹಿ ಹಾಕಿಸಿದ ಮೇಲೆಯೇ ಆ ಕೋಣೆ ಬಿಟ್ಟು ಹೊರಟರು.

ಸೋಮವಾರ ನಾವಿಬ್ಬರು ಶಾಲೆಗೆ ಹೋದೆವು. ಮಕ್ಕಳು ಸಾಲಾಗಿ ಕೂತಿದ್ದರು. ಮೂರು ಪಾಲಿನಲ್ಲಿ ಒಂದು ಪಾಲು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದವು, ಸುಳ್ಳು ಹೇಳುವುದಿಲ್ಲ. ಉಳಿದವು ತಟ್ಟೆ ಹಿಡಿದಿದ್ದವು. ಹಾಲಮ್ಮ ಸೌಟು ಹಿಡಿದು ಸಾಲಿನುದ್ದಕ್ಕೂ ಬಂದರು. ಮೇಡಂ ಮುಖ್ಯೋಪಾಧ್ಯಾಯರು ತಂದ ಕುರ್ಚಿಯನ್ನು ಗೋಡೆಗೆ ಸರಿಸಿ ಸಾಲಿನ ಕೊನೆಯಲ್ಲಿ ನೆಲಕ್ಕೇ ಕೂತರು, ನಾನು ಅವರ ಪಕ್ಕ. ಅನ್ನ, ಬೇಳೆ ಸಾರು. ಮೇಡಂ ಎರಡು ಸಲ ಸಾರು ಹಾಕಿಸಿಕೊಂಡರು, ಉಪ್ಪು ಸ್ವಲ್ಪ ಕಡಿಮೆ ಎಂದೂ ಹೇಳಿದರು. ಹಾಲಮ್ಮ ಅದಕ್ಕೆ, ಮಕ್ಕಳಿಗೆ ಅಷ್ಟೇ ಸಾಕು ಎಂದು ವಾದ ಮಾಡಿದರು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಮೂವರೇ ಉಳಿದೆವು. ನನ್ನ ಇಂಟರ್ನ್‌ಶಿಪ್ಪಿನ ಕೊನೆಯ ವಾರ ಅದು, ವರದಿ ಬರೆದು ಕೊಡಬೇಕಿತ್ತು. ಹಿಂದಿನ ದಿನ ಮೇಡಂಗೆ ತೋರಿಸಿದ್ದೆ. ಚಹಾದ ವಿಷಯವನ್ನೂ ಬರೆದಿದ್ದೆ, ಹೇಡಿತನದಿಂದ ಎರಡೇ ಸಾಲಿನಲ್ಲಿ. ಮೇಡಂ ಅದನ್ನು ಓದಿ ಏನೂ ಅಂದಿರಲಿಲ್ಲ. ಈಗ ನನ್ನ ಚೀಲದ ಕಡೆ ಕೈ ತೋರಿಸಿದರು.

"ಹಾಲಮ್ಮಾರ ಬಗ್ಗೆ ಬರ್ದೀಯಲ್ಲ, ಓದಿ ಹೇಳು."

 ಬೇಕಾದರೆ ಆ ಸಾಲು ಹೊಡೆದುಹಾಕುತ್ತೇನೆ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ನೋಡಿಯೂ ನೋಡದವರ ಹಾಗೆ ಏಲಕ್ಕಿ ಸುಲಿಯತೊಡಗಿದರು. ನಾನು ಓದಿದೆ. ಮೊದಲ ಪುಟ, ಎರಡನೇ ಪುಟ. ಆ ಜಾಗಕ್ಕೆ ಬಂದಾಗ ತಲೆ ತಗ್ಗಿಸಿಕೊಂಡೇ ಓದಿದೆ: ಹಾಲಮ್ಮನವರ ಮನೆಯಲ್ಲಿ ಚಹಾ ಕುಡಿಯಬೇಕಾಗುತ್ತದೆ ಎಂದು ನಾನು ಹೇಳಿಕೆಯನ್ನು ಓದಿ ಹೇಳದೆ ಎದ್ದುಬಂದೆ. ಅವರ ಕೈಯ ಅನ್ನ ಬೇಡ ಎಂದವರು ಮಾಡಿದ್ದನ್ನೇ ನಾನೂ ಮಾಡಿದ್ದೇನೆ.

ಹಾಲಮ್ಮ ಸೌಟು ತೊಳೆಯುತ್ತಿದ್ದರು. ನೀರು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಎದುರು ಬಂದು ಕೂತರು.

"ಅದು ನಂಗ ಅವತ್ತೇ ಗೊತ್ತಾಗಿತ್ತು ತಂಗಿ. ನೀ ಕಟ್ಟಿ ಮ್ಯಾಲ ಕುಂತಿದ್ದು ನಮ್ಮ ಮನಿಯಿಂದ ಕಾಣ್ತಿತ್ತು," ಎಂದರು. "ಬರ್ದಿದ್ದು ಸರಿ ಐತಿ."

ನಾನು ಅಳತೊಡಗಿದೆ. ಕಾಗದ ಮಡಚಲು ಹೋದೆ. ಮೇಡಂ ಕೈ ಚಾಚಿ ತಡೆದರು.

"ಮುಂದೆ ಓದು," ಎಂದರು. "ಅವರು ಇನ್ನೂ ಸಹಿ ಹಾಕಿಲ್ಲ."